ಅರ್ಧಕ್ಕೆ ನಿಂತ ಹೆರಾಲ್ಡ್

ಕಳೆದ ತಿಂಗಳ ಕೂಟದಲ್ಲಿ, ಕಾಫಿಯ ಹೊತ್ತಿಗೆ, ನಮ್ಮ ಬಳಗದ ಹಿರಿಯರೊಬ್ಬರು ಒಂದು ಮಾತು ತೆಗೆದರು. ತಾಂಬರಂನ ಷೆಡ್ಡೊಂದರಲ್ಲಿ 1965ರ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಮಾರಾಟಕ್ಕಿದೆ. ಅದನ್ನು ಅಮೆರಿಕದ ‘ಹಾಟ್ ರಾಡ್’ ಮಾಡಹೊರಟ ಒಡೆಯರು ಬಾಡಿಯನ್ನು ಚಾಸಿಯಿಂದ ಎತ್ತಿಟ್ಟು, ದೊಡ್ಡ ಎಂಜಿನ್ ಒಂದನ್ನು ತಂದಿರಿಸಿ, ಅಲ್ಲಿಗೇ ಕೈಬಿಟ್ಟಿದ್ದಾರೆ. ನಮ್ಮ ಹಿರಿಯರ ತಂದೆಯವರು ಮದರಾಸಿನಲ್ಲಿ ಓಡಿಸುತ್ತಿದ್ದುದೂ ಹೆರಾಲ್ಡೇ. ಬ್ಯಾಂಕಿನ ಠೇವಣಿ ಮುರಿದಾದರೂ ಕೊಳ್ಳುವ ಆಸೆ ಅವರದು. ಕೊಳ್ಳಬಹುದೇ ಎಂದು ಕೇಳಿದರು. ಬಳಗ ಮೂರು ಪಾಲಾಯಿತು.

ಬೇಡವೆಂದವರ ವಾದ ಸರಳ. ಬಿಚ್ಚಿದವರೇ ಜೋಡಿಸಲಾರದೆ ಬಿಟ್ಟುದನ್ನು, ಬಿಚ್ಚುವಾಗ ನೋಡದವರು ಜೋಡಿಸುವುದು ಹೇಗೆ? ಕಡಲ ಗಾಳಿಯ ಈ ಊರಿನಲ್ಲಿ ತುಕ್ಕು ಹಿಡಿಯದ ಚಾಸಿ ಎಲ್ಲಿದೆ? ಹಳೆಯ ಕಾರಿನ ಖರ್ಚು ಕೊಂಡ ದಿನ ಮುಗಿಯುವುದಿಲ್ಲ, ಆ ದಿನ ಮೊದಲಾಗುತ್ತದೆ.

ಕಿರಿಯರು, ಹಾಟ್ ರಾಡನ್ನೇ ಮುಗಿಸಿ ಎಂದರು. ಹಳೆಯ ಫೋರ್ಡುಗಳ ಮಡ್‌ಗಾರ್ಡ್ ಕಳಚಿ, ಬಲವಾದ ಎಂಜಿನ್ ಕೂರಿಸಿ, ಅಮೆರಿಕದ ಹುಡುಗರು ಹೊಸ ಕಲೆಯನ್ನೇ ಕಟ್ಟಲಿಲ್ಲವೇ? ವ್ಯಾಸಭಾರತವನ್ನು ಪಂಪ ಇದ್ದಂತೆಯೇ ಉಳಿಸಿದನೇ? ಅರ್ಜುನನನ್ನು ನಾಯಕನನ್ನಾಗಿಸಿ ತನ್ನದೇ ಕಾವ್ಯ ಕಟ್ಟಿದ. ಕಾರಿಗೆ ಮಾತ್ರ ಏಕೆ ಈ ಮಡಿ?

ಮೂಲರೂಪಕ್ಕೆ ಮರಳಿಸಿ ಎಂದವರು ಇಬ್ಬರೇ. ನಾವು ಅವರ ಪಕ್ಷ.

ಪಂಪನ ಮಾತು ನಮಗೂ ಒಪ್ಪಿಗೆ. ಆದರೆ ಪಂಪ ಬರೆದಾಗ ವ್ಯಾಸಭಾರತ ಅಳಿಯಲಿಲ್ಲ. ಕಾರಿನ ಚಾಸಿಯನ್ನು ಒಮ್ಮೆ ಕತ್ತರಿಸಿದರೆ ಮೂಲ ಉಳಿಯುವುದಿಲ್ಲ. ಇಲ್ಲಿ ನೆನೆಯಬೇಕಾದವನು ತಿಮ್ಮಣ್ಣ ಕವಿ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ಆತ ಪೂರೈಸಿದ್ದು ಅದೇ ಭಾಮಿನಿ ಷಟ್ಪದಿಯಲ್ಲಿ. ಅರ್ಧಕ್ಕೆ ನಿಂತುದನ್ನು ಕೈಗೆತ್ತಿಕೊಳ್ಳುವವರಿಗೆ ಆ ವಿನಯ ಬೇಕು.

ಈ ಕಾರು ಈ ಊರಿನದೇ. ಇಟಲಿಯ ಮಿಕೆಲೊಟ್ಟಿ ರೂಪಿಸಿದ ಹೆರಾಲ್ಡ್ 1959ರಲ್ಲಿ ಇಂಗ್ಲೆಂಡಿನಲ್ಲಿ ಬಂತು. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಅದನ್ನು ಇಲ್ಲಿಯೇ ತಯಾರಿಸಿತು. ಪ್ರತ್ಯೇಕ ಚಾಸಿಗೆ ಬೋಲ್ಟುಗಳಿಂದ ಬಿಗಿದ ಬಾಡಿ, ಮುಂಭಾಗವೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿ ತೆರೆಯುವ ಬಾನೆಟ್. ಬಿಚ್ಚುವ ಪ್ರಲೋಭನೆಗೂ ಮರಳಿ ಜೋಡಿಸುವ ಭರವಸೆಗೂ ಈ ಕಟ್ಟಡವೇ ಕಾರಣ. ಬಿಡಿಭಾಗಗಳನ್ನು ಪುದುಪೇಟೆಯ ಅಂಗಡಿಗಳಲ್ಲಿ ಹುಡುಕಬಹುದು. ಅಲ್ಲಿ ಸಿಗದ ಹಲವನ್ನು ಇಂಗ್ಲೆಂಡಿನಿಂದ ತರಿಸಬಹುದು.

ಕಾನೂನೂ ಇದೇ ದಾರಿ ತೋರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅಂದರೆ ಮುಗಿಸಿದ ಹಾಟ್ ರಾಡ್ ಅಂಗಳದ ಅಲಂಕಾರವಾದೀತೇ ಹೊರತು ಮರೀನಾ ರಸ್ತೆಗೆ ಇಳಿಯಲಾರದು. 2021ರ ಜುಲೈಯಲ್ಲಿ ಬಂದ ನಿಯಮಗಳಾದರೋ 50 ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ಎಂಬ ಮನ್ನಣೆಯನ್ನೂ ಬೇರೆ ನೋಂದಣಿ ಸರಣಿಯನ್ನೂ ಕೊಟ್ಟಿವೆ. ಷರತ್ತು ಒಂದೇ: ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು.

ಆದ್ದರಿಂದ ಹಿರಿಯರಿಗೆ ನಾವು ಹೇಳಿದ್ದು ಇಷ್ಟು. ಕನಸು ಯಾರದೆಂದು ನೋಡಬೇಡಿ. ಚಾಸಿಗೆ ಗರಗಸ ಸೋಕಿದೆಯೇ ನೋಡಿ. ಮೂಲ ಎಂಜಿನ್ ಷೆಡ್ಡಿನ ಮೂಲೆಯಲ್ಲಾದರೂ ಇದೆಯೇ ಕೇಳಿ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಎರಡೂ ಆರ್.ಸಿ. ಪುಸ್ತಕದೊಡನೆ ಹೊಂದಬೇಕು. ಮಾರುವವರ ಹೆಸರೇ ಅದರಲ್ಲಿರಬೇಕು. ಇವಿಷ್ಟೂ ಸರಿಯಿದ್ದರೆ ಕೊಳ್ಳಿ, ದೊಡ್ಡ ಎಂಜಿನ್ನನ್ನು ಮಾರಿಬಿಡಿ. ಒಂದು ತಪ್ಪಿದರೂ ಠೇವಣಿ ಬ್ಯಾಂಕಿನಲ್ಲಿಯೇ ಇರಲಿ. ತಂದೆಯವರ ನೆನಪಿಗೆ ಕಾರೇ ಬೇಕೆಂದಿಲ್ಲ.

ಬರುವ ಭಾನುವಾರ ಅವರೊಡನೆ ತಾಂಬರಂಗೆ ಹೋಗುವವರಿದ್ದೇವೆ. ಹಾಟ್ ರಾಡ್ ಪಕ್ಷದ ಹುಡುಗನೂ ಟಾರ್ಚು ಹಿಡಿದು ಬರುತ್ತೇನೆ ಎಂದಿದ್ದಾನೆ. ಸಂಖ್ಯೆ ಓದುವಷ್ಟು ದೃಷ್ಟಿ ನಮ್ಮಲ್ಲಿ ಅವನೊಬ್ಬನಿಗೇ ಉಳಿದಿದೆ.