ನಡುಗಡಲಲ್ಲಿ ಒಂದು ಬಂಕ್ ಕನ್ನಡಕ್ಕೆ

ಹಡಗಿನಲ್ಲಿ ಕೆಲಸ ಅಂದ ಕೂಡಲೇ ನಮ್ಮ ಹಾಸ್ಟೆಲ್‌ಗಳಲ್ಲಿ ನೆನಪಾಗೋದು ಎರಡೇ: ಮರ್ಚೆಂಟ್ ನೇವಿ, ಇಲ್ಲಾಂದ್ರೆ ನೌಕಾಪಡೆ. ಮೂರನೇ ಬಗೆಯ ಹಡಗುಗಳೂ ಇವೆ. ಅವು ಸರಕು ಸಾಗಿಸಲ್ಲ, ಫಿರಂಗಿ ಹಾರಿಸಲ್ಲ. ನಡುಸಮುದ್ರಕ್ಕೆ ಹೋಗಿ ನಿಂತು, ನೀರು ಮೊಗೆದು, ತಳದ ಕೆಸರು ಎತ್ತಿ, ಅಳೆದು ಬರೆದುಕೊಂಡು ಬರುತ್ತವೆ. 1983ರಲ್ಲಿ ಜರ್ಮನಿಯಲ್ಲಿ ಕಟ್ಟಿದ ಸಾಗರ ಕನ್ಯಾ, ಆಮೇಲೆ ಸಾಗರ ಸಂಪದಾ, ಸಾಗರ ನಿಧಿ, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸಿಂಧು ಸಾಧನಾ. ಇವುಗಳಲ್ಲಿ ಎಷ್ಟು ಹೆಸರು ನೀವು ಮೊದಲೇ ಕೇಳಿದ್ರಿ?

ಚಂದ್ರಯಾನದ ಹೆಸರು ಕೇಳದೇ ಇರೋರು ಮಾತ್ರ ನಮ್ಮಲ್ಲಿ ಯಾರೂ ಇಲ್ಲ. 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಇಳಿಯೋದನ್ನು ದೇಶವೇ ಉಸಿರು ಬಿಗಿಹಿಡಿದು ನೋಡಿತು. ಕಡಲಿನ ಕಡೆಗೂ ದುಡ್ಡು ಕಡಿಮೆ ಏನಿಲ್ಲ. 2021ರಲ್ಲಿ ಕೇಂದ್ರ ಸಂಪುಟ ಡೀಪ್ ಓಷನ್ ಮಿಷನ್‌ಗೆ ಐದು ವರ್ಷಕ್ಕೆ 4,077 ಕೋಟಿ ರೂಪಾಯಿ ಒಪ್ಪಿತು. ಮೂವರನ್ನು 6000 ಮೀಟರ್ ಆಳಕ್ಕೆ ಇಳಿಸೋ ಮತ್ಸ್ಯ 6000 ಅನ್ನೋ ವಾಹನ ಅದರದ್ದೇ ಭಾಗ. ಆದರೆ ಹಡಗು ಬಂದರು ಬಿಟ್ಟ ಮೇಲೆ ಅಲ್ಲೇನು ನಡೀತು ಅನ್ನೋದು ನಮಗೆ ತಲುಪೋದು ಹೇಗೆ? ಒಂದು ಪತ್ರಿಕಾ ಪ್ರಕಟಣೆ, "ಯಶಸ್ವಿಯಾಗಿ ಪೂರ್ಣಗೊಂಡಿತು" ಅನ್ನೋ ಒಂದು ಸಾಲು. ಪ್ರಬಂಧ ಬರೋಕೆ ಇನ್ನೆಷ್ಟೋ ವರ್ಷ, ಅದೂ ಇಂಗ್ಲಿಷಿನಲ್ಲಿ.

ನಾವು ಹೇಳಬೇಕು ಅಂದುಕೊಂಡಿದ್ದು ಇಷ್ಟು: ಪ್ರತಿ ಸಂಶೋಧನಾ ಯಾನದಲ್ಲೂ ಒಂದು ಬಂಕ್ ಕಥೆ ಹೇಳೋರಿಗೆ ಮೀಸಲಿರಬೇಕು. ಆದರೆ ಅವರು ಕ್ಯಾಮೆರಾ ಹಿಡಿದು ಡೆಕ್ ಮೇಲೆ ಓಡಾಡೋ ಅತಿಥಿ ಆಗಿರಬಾರದು. ಪಾಳಿ ಮಾಡೋ, ಕೈ ಒದ್ದೆ ಮಾಡಿಕೊಳ್ಳೋ ಸಂಶೋಧನಾ ಸಹಾಯಕರೇ ಆಗಿರಬೇಕು. ಯಾಕೆ ಅಂತ ಹೇಳ್ತೀವಿ.

ಹಡಗಿನ ಒಂದು ದಿನದ ಖರ್ಚೇ ಲಕ್ಷಗಳಲ್ಲಿರುತ್ತೆ. ಹಾಗಾಗಿ ಕತ್ತಲಾಯ್ತು ಅಂತ ಯಾರೂ ಕೆಲಸ ನಿಲ್ಲಿಸಲ್ಲ. ಮುಖ್ಯ ಉಪಕರಣ ಸಿಟಿಡಿ: ನೀರಿನ ವಿದ್ಯುತ್‌ವಾಹಕತೆ, ಉಷ್ಣಾಂಶ, ಆಳ ಮೂರನ್ನೂ ಅಳೆಯುತ್ತಾ ಇಳಿಯೋ ಯಂತ್ರ. ವಾಹಕತೆಯಿಂದ ಉಪ್ಪಿನಂಶ ಲೆಕ್ಕ ಹಾಕ್ತಾರೆ. ಅದರ ಸುತ್ತ ನಿಸ್ಕಿನ್ ಬಾಟಲಿಗಳು, ಎರಡೂ ತುದಿ ಬಾಯಿ ತೆರೆದೇ ಇಳಿಯುತ್ತವೆ. ವಾಪಸ್ ಏರುವಾಗ ಬೇಕಾದ ಆಳದಲ್ಲಿ ಹಡಗಿನಿಂದ ಆಜ್ಞೆ ಕಳಿಸಿದರೆ ಫಟ್ ಅಂತ ಮುಚ್ಚಿಕೊಂಡು ಅಲ್ಲಿನ ನೀರನ್ನೇ ಹಿಡಿದು ತರುತ್ತವೆ. ವಿಂಚ್ ಸೆಕೆಂಡಿಗೆ ಸುಮಾರು ಒಂದು ಮೀಟರ್ ಕೇಬಲ್ ಬಿಡುತ್ತೆ. 3000 ಮೀಟರ್ ಅಂದ್ರೆ ಇಳಿಯೋಕೇ 50 ನಿಮಿಷ, ನಿಲ್ಲಿಸಿ ನಿಲ್ಲಿಸಿ ಏರೋಕೆ ಇನ್ನೂ ಜಾಸ್ತಿ. ರಾತ್ರಿ ಎರಡು ಗಂಟೆಗೆ ಪರದೆ ನೋಡುತ್ತಾ ಕೂತಿರೋರೇ ಸಹಾಯಕರು.

ಬಾಟಲಿಗಳು ಡೆಕ್‌ಗೆ ಬಂದ ಮೇಲೆ ನಲ್ಲಿ ತಿರುಗಿಸೋಕೂ ಒಂದು ಕ್ರಮ ಇದೆ. ಕರಗಿದ ಅನಿಲಗಳಿಗೆ ಮೊದಲ ಸರದಿ, ಯಾಕಂದ್ರೆ ಗಾಳಿ ತಾಕಿದ್ರೆ ಲೆಕ್ಕ ಕೆಡುತ್ತೆ. ಆಮ್ಲಜನಕ ಅಳೆಯೋಕೆ ಇವತ್ತಿಗೂ 1888ರ ವಿಂಕ್ಲರ್ ವಿಧಾನವೇ ಮಾನದಂಡ. ಗಾಜಿನ ಸೀಸೆಯಲ್ಲಿ ಒಂದು ಗುಳ್ಳೆಯೂ ಇರದ ಹಾಗೆ ನೀರು ತುಂಬಿ, ಉಕ್ಕಿ ಹರಿಯಲು ಬಿಟ್ಟು, ಮ್ಯಾಂಗನೀಸ್ ಲವಣದ ದ್ರಾವಣ ಮತ್ತು ಕ್ಷಾರೀಯ ಅಯೊಡೈಡ್ ಹಾಕಿ, ಮುಚ್ಚಳ ಬಿಗಿದು ಅಲ್ಲಾಡಿಸಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಷ್ಟು ಕೂರುತ್ತೆ. ಮೇಲ್ಮೈ ನೀರಿನ ಸೀಸೆಯಲ್ಲಿ ಒಳ್ಳೆ ಕಾಫಿ ಡಿಕಾಕ್ಷನ್ ಬಣ್ಣ. ಈಗ ಅರಬ್ಬೀ ಸಮುದ್ರದ ನಡು ಮತ್ತು ಉತ್ತರ ಭಾಗದಲ್ಲಿ ಸುಮಾರು 150ರಿಂದ 1000 ಮೀಟರ್ ಆಳದ ನೀರು ತಗೊಳ್ಳಿ. ಅದೇ ದ್ರಾವಣ, ಅದೇ ಕೈ, ಆದರೆ ಸೀಸೆಯಲ್ಲಿ ಕೂರೋದು ಹಾಲಿನಂಥ ಬಿಳಿ ಗಷ್ಟು. ಆ ನೀರಲ್ಲಿ ಉಸಿರೇ ಇಲ್ಲ ಅನ್ನಬಹುದು. ಜಗತ್ತಿನ ದೊಡ್ಡ ಆಮ್ಲಜನಕ-ಕೊರತೆಯ ಪದರಗಳಲ್ಲಿ ಒಂದು ನಮ್ಮ ಪಡುವಣ ಕಡಲಿನೊಳಗೇ ಇದೆ.

ಒಂದು ಗ್ರಾಫ್ ತೋರಿಸಿ ಈ ಮಾತು ಹೇಳಿದ್ರೆ ನಾವು ಆಕಳಿಸ್ತೀವಿ. ಸಾಲಾಗಿ ಇಟ್ಟ ಸೀಸೆಗಳು ಕಂದಿನಿಂದ ಬಿಳಿಗೆ ತಿರುಗಿದ್ದನ್ನು ತಾವೇ ಅಲ್ಲಾಡಿಸಿ ಕಂಡವರು ಹೇಳಿದ್ರೆ ಮರೆಯಲ್ಲ. ದೂರದಲ್ಲಿ ನಿಂತು ಫೋಟೋ ತೆಗೆಯೋರಿಗೆ ಬಹುಶಃ ಆ ಬಣ್ಣ ಸುದ್ದಿ ಅಂತಲೇ ಅನಿಸಲ್ಲ.

ಇದು ಕರಾವಳಿಯ ಊಟದ ತಟ್ಟೆಗೂ ಸಂಬಂಧಪಟ್ಟ ವಿಷಯ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಕೆಳಗಿನ ತಣ್ಣನೆಯ ನೀರು ಮೇಲೇಳುತ್ತೆ. ಅದರ ಜೊತೆ ಪೋಷಕಾಂಶ ಬರುತ್ತೆ, ಬೂತಾಯಿ ಬಂಗುಡೆಗೆ ಮೇವಾಗುತ್ತೆ. ಅದೇ ನೀರು ಆಮ್ಲಜನಕ ಕಡಿಮೆ ಇರೋದನ್ನೂ ದಂಡೆಯ ಹತ್ತಿರ ತರುತ್ತೆ. ಜೂನ್-ಜುಲೈನ ಮೀನುಗಾರಿಕೆ ನಿಷೇಧ ಮುಗಿಸಿ ಮಲ್ಪೆ, ಮಂಗಳೂರು, ಕಾರವಾರದ ಬೋಟುಗಳು ಆಗಸ್ಟ್‌ನಲ್ಲಿ ಕಡಲಿಗಿಳಿಯೋ ಹೊತ್ತಿಗೆ ತಳದ ನೀರು ಉಸಿರುಗಟ್ಟೋ ಕಾಲವೂ ಅದೇ. ಹೈದರಾಬಾದಿನ ಇನ್‌ಕೋಯಿಸ್ ಮೀನು ಸಿಗಬಹುದಾದ ಜಾಗದ ಸೂಚನೆಯನ್ನು ಕನ್ನಡದಲ್ಲೂ ಕೊಡುತ್ತೆ, ಒಳ್ಳೇದು. ಆದರೆ "ಇಲ್ಲಿ ಹೋಗಿ" ಅನ್ನೋದು ಒಂದು, "ಅಲ್ಲಿ ಯಾಕೆ ಮೀನಿಲ್ಲ" ಅನ್ನೋದು ಇನ್ನೊಂದು. ಎರಡನೆಯದಕ್ಕೆ ಮನುಷ್ಯರೇ ಬೇಕು.

ಬೇರೆ ಕಡೆ ಇದು ನಡೀತಿದೆ. ಜಾಯ್ಡಿಸ್ ರೆಸಲ್ಯೂಷನ್ ಅನ್ನೋ ಕೊರೆಯುವ ಹಡಗಿನಲ್ಲಿ ವಿಜ್ಞಾನಿಗಳ ಜೊತೆ ಶಾಲೆಗಳಿಗೆ ನೇರವಾಗಿ ಮಾತಾಡೋ ಅಧಿಕಾರಿಗಳು ವರ್ಷಗಟ್ಟಲೆ ಯಾನ ಮಾಡಿದರು. ಆ ಹಡಗು 2015ರಲ್ಲಿ ನಮ್ಮ ಪಶ್ಚಿಮದ ಲಕ್ಷ್ಮೀ ಬೇಸಿನ್‌ಗೂ ಬಂದು ಮುಂಗಾರಿನ ಹಳೇ ಚರಿತ್ರೆಯ ಕೆಸರು ಎತ್ತಿಕೊಂಡು ಹೋಯಿತು. ನಮಗೆ ಇನ್ನೂ ಇಷ್ಟವಾಗಿದ್ದು 2025ರ ಅರ್ಜೆಂಟೀನಾದ ಉದಾಹರಣೆ. ಮಾರ್ ದೆಲ್ ಪ್ಲಾಟಾ ಕಮರಿಗೆ ಫಾಲ್ಕೋರ್ ಟೂ ಹಡಗಿನಿಂದ ರೋಬಾಟ್ ಇಳಿಸಿ, ಅಲ್ಲಿನ ವಿಜ್ಞಾನಿಗಳೇ ಸ್ಪ್ಯಾನಿಷ್‌ನಲ್ಲಿ ನೇರಪ್ರಸಾರ ಮಾಡಿದರು. ಏಕಕಾಲಕ್ಕೆ ಹತ್ತಾರು ಸಾವಿರ ಜನ ನೋಡಿದರು. ದಪ್ಪ ಕುಂಡೆಯಂತೆ ಕಾಣೋ ನಕ್ಷತ್ರಮೀನೊಂದು ಮನೆಮಾತಾಯಿತು! ಆ ಹೊತ್ತಿಗೆ ಅಲ್ಲಿ ಸಂಶೋಧನೆಗೆ ಅನುದಾನ ಕಡಿತದ ಜಗಳ ನಡೀತಿತ್ತು ಅನ್ನೋದು ನೆನಪಿರಲಿ. ಪ್ರಾಣಿ ಕಂಡಾಗ "ಅಯ್ಯೋ ನೋಡ್ರೀ ಇಲ್ಲಿ" ಅಂತ ಕೂಗಿದ್ದು ಅದನ್ನು ಹುಡುಕಿಕೊಂಡು ಹೋದವರೇ, ಅವರ ತಾಯ್ನುಡಿಯಲ್ಲೇ.

ಬಂಕುಗಳು ಕಡಿಮೆ, ಪಿಎಚ್‌ಡಿ ಮಾಡೋರಿಗೇ ಜಾಗ ಸಾಲಲ್ಲ ಅಂತ ಆಕ್ಷೇಪ ಬರುತ್ತೆ. ನ್ಯಾಯವಾದದ್ದೇ. ಅದಕ್ಕೇ ನಾವು ಎರಡು ಕೆಲಸ ಒಬ್ಬರಿಗೆ ಅಂದಿದ್ದು. ಕೆಲವು ದತ್ತಾಂಶ ಗುಟ್ಟಾಗಿ ಇರಬೇಕು ಅಂತಾರೆ, ಇರಲಿ ಬಿಡಿ. ವಿಂಚ್ ಕೆಟ್ಟು ನಾಲ್ಕು ಗಂಟೆ ಸುಮ್ಮನೆ ನಿಂತದ್ದು, ಥರ್ಮಾಕೋಲ್ ಲೋಟದ ಮೇಲೆ ಶಾಲೆ ಮಕ್ಕಳ ಹೆಸರು ಬರೆದು ಸಿಟಿಡಿ ಜೊತೆ ಇಳಿಸಿದ್ರೆ ಸಾವಿರ ಮೀಟರಿನಲ್ಲಿ ಗಾಳಿಗಿಂತ ನೂರು ಪಟ್ಟು ಒತ್ತಡಕ್ಕೆ ಮುದುಡಿ ಪುಟಾಣಿ ಆಗಿ ಬರೋದು, ಇದರಲ್ಲಿ ಯಾವ ಗುಟ್ಟಿದೆ? ಕುಂದಾಪುರದ ಒಬ್ಬ ಹುಡುಗಿಯ ಹೆಸರು ಕನ್ನಡದಲ್ಲೇ ಕುಗ್ಗಿ ಬರಲಿ.

ಕಾಡಿಗೆ ನಮ್ಮಲ್ಲಿ ತೇಜಸ್ವಿ ಇದ್ದರು. ಕೋಟದ ಕಾರಂತರು ‘ಬಾಲ ಪ್ರಪಂಚ’ದಿಂದ ಹಿಡಿದು ವಿಜ್ಞಾನವನ್ನು ಕನ್ನಡದಲ್ಲಿ ಹೇಳೋ ದಾರಿ ಹಾಕಿಕೊಟ್ಟರು. ಉಬ್ಬರ, ಇಳಿತ, ಅಳಿವೆ, ತೂಫಾನ್ ಅಂತ ಪದಗಳೂ ಕರಾವಳಿಯಲ್ಲಿ ಧಾರಾಳ ಇವೆ. ಇಲ್ಲದ ಕಡೆ ಸಿಟಿಡಿಯನ್ನು ಸಿಟಿಡಿ ಅಂತಲೇ ಕರೆದರಾಯ್ತು, ಮೊಬೈಲ್‌ಗೆ ನಾವೇನು ಅನುವಾದ ಕಾದು ಕೂತಿದ್ವಾ?

ಇದಕ್ಕೆ ಜೀವಶಾಸ್ತ್ರ ಓದಿರಲೇಬೇಕು ಅಂತ ಇಲ್ಲ. ವಿಂಚ್ ನೋಡಿಕೊಳ್ಳೋಕೆ ಮೆಕ್ಯಾನಿಕಲ್, ಸೆನ್ಸರ್‌ಗೆ ಎಲೆಕ್ಟ್ರಾನಿಕ್ಸ್, ದತ್ತಾಂಶಕ್ಕೆ ಕಂಪ್ಯೂಟರ್ ಸೈನ್ಸ್ ಬೇಕು. ಗೋವಾದ ದೋನಾ ಪೌಲಾದಲ್ಲಿರೋ ಸಾಗರ ವಿಜ್ಞಾನ ಸಂಸ್ಥೆ, ವಾಸ್ಕೋದ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ, ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ, ಮೂರೂ ಪ್ರಾಜೆಕ್ಟ್ ಹುದ್ದೆಗಳಿಗೆ ಆಗಾಗ ಅರ್ಜಿ ಕರೆಯುತ್ತವೆ. ಸಂಬಳ ಬೆಂಗಳೂರಿನ ಪ್ಯಾಕೇಜ್ ಅಲ್ಲ, ಗುತ್ತಿಗೆ ಕೆಲಸ, ಮೊದಲ ಮೂರು ದಿನ ವಾಂತಿ ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ. ಹೋಗಿ ಬಂದ ಹಳೇ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ನಮ್ಮ ಪತ್ರಿಕೆಗೆ ಬರೆಯಿರಿ. ದೊಡ್ಡ ಲೇಖನ ಬೇಡ, ಲಾಗ್ ಪುಸ್ತಕದ ಒಂದು ರಾತ್ರಿಪಾಳಿ ಸಾಕು.