ಅರಸರ ಔತಣ, ನಮ್ಮ ಪಂಕ್ತಿ



2021ರ ಜುಲೈನಲ್ಲಿ ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್ ಎಂಬ ಅರಮನೆಯಂಥ ಕಟ್ಟಡದಲ್ಲಿ ಒಂದು ಸಂಜೆ ಕೂಟ ನಡೆಯಿತು. ನೀಲಗಿರಿ ಬೆಟ್ಟಗಳಲ್ಲಿ ನಕ್ಷತ್ರ ತುಂಬಿದ ಒಂದು ರಾತ್ರಿ ಎಂಬ ಅರ್ಥ ಬರುವ ಹೆಸರನ್ನು ಅದಕ್ಕೆ ಇಟ್ಟಿದ್ದರು. ಆಗಿನ್ನೂ ಯುವರಾಜರಾಗಿದ್ದ ಚಾರ್ಲ್ಸ್ ಮತ್ತು ಅವರ ಪತ್ನಿ ಕ್ಯಾಮಿಲ್ಲಾ ಅಲ್ಲಿಗೆ ಬಂದಿದ್ದರು. ಕೂಟ ನಡೆಸಿದ್ದು ಎಲಿಫೆಂಟ್ ಫ್ಯಾಮಿಲಿ ಎಂಬ ಸಂಸ್ಥೆ, ಬ್ರಿಟಿಷ್ ಏಷ್ಯನ್ ಟ್ರಸ್ಟ್ ಜೊತೆಗೂಡಿ. ಮೊದಲನೆಯದನ್ನು ಕಟ್ಟಿದವರು ಕ್ಯಾಮಿಲ್ಲಾ ಅವರ ತಮ್ಮ ಮಾರ್ಕ್ ಶಾಂಡ್. ಎರಡನೆಯದನ್ನು 2007ರಲ್ಲಿ ಶುರುಮಾಡಿದ್ದು ಸ್ವತಃ ಚಾರ್ಲ್ಸ್. ಅದೇ ಬೇಸಿಗೆಯಲ್ಲಿ ನೀಲಗಿರಿಯ ಬೆಟ್ಟಕುರುಬರು, ಪಣಿಯರು, ಕಾಟುನಾಯಕರು, ಸೋಲಿಗರು ಲಂಟಾನ ಕಡ್ಡಿಯಿಂದ ಕಟ್ಟಿದ ಆಳೆತ್ತರದ ಆನೆಗಳು ಲಂಡನ್ನಿನ ಉದ್ಯಾನಗಳಲ್ಲಿ ಹಿಂಡುಹಿಂಡಾಗಿ ನಿಂತಿದ್ದವು. ಅವನ್ನು ಮಾರಿ ಬಂದ ಹಣ ಆನೆ ಮತ್ತು ಮನುಷ್ಯ ಒಟ್ಟಿಗೆ ಬಾಳುವ ಕೆಲಸಕ್ಕೆ ಎಂದು ಸಂಸ್ಥೆ ಹೇಳಿತ್ತು.

ನಮ್ಮ ಹೊಸೂರಿಗೂ ಈ ಸುದ್ದಿಗೂ ಏನು ಸಂಬಂಧ ಅಂತ ಕೇಳಬೇಡಿ. ನೀಲಗಿರಿ ಕಾಡು ಬಿಳಿಗಿರಿ, ಮಲೆ ಮಹದೇಶ್ವರ ಬೆಟ್ಟ, ಕಾವೇರಿ ಕಣಿವೆ ದಾಟಿಕೊಂಡು ನಮ್ಮ ಅಂಚೆಟ್ಟಿ, ಜವಳಗಿರಿ ತನಕ ಕೈಚಾಚುತ್ತದೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆಗಳು ತಳಿ, ಡೆಂಕಣಿಕೋಟೆ, ಸಾನಮಾವು, ಶೂಲಗಿರಿ ಕಡೆಗೆ ಇಳಿಯುತ್ತವೆ. ಆ ತಿಂಗಳುಗಳಲ್ಲಿ ನಮ್ಮ ಎಷ್ಟೋ ಮನೆಗಳ ಅಪ್ಪಂದಿರು, ಚಿಕ್ಕಪ್ಪಂದಿರು ಮಂಚಿಗೆಯ ಮೇಲೆ ಕಂಬಳಿ ಹೊದ್ದು ಕೂತು, ತಗಡು ಬಡಿದು, ಪಟಾಕಿ ಹಚ್ಚಿ ರಾತ್ರಿ ಕಳೆಯುತ್ತಾರೆ. ಅವರಿಗೂ ನಕ್ಷತ್ರ ಕಾಣುತ್ತದೆ, ಪುಕ್ಕಟೆಯಾಗಿ.

ಇದನ್ನು ಅಣಕಿಸುವುದಕ್ಕೆ ಬರೆಯುತ್ತಿಲ್ಲ. ಕಡ್ಡಿ ಆನೆ ಕಟ್ಟಿದ ಆದಿವಾಸಿಗಳಿಗೆ ಕೂಲಿ ಸಿಕ್ಕಿತು. ಕಾಡನ್ನು ನುಂಗುತ್ತಿರುವ ಲಂಟಾನ ಅಷ್ಟು ಕಡಿಮೆಯಾಯಿತು. ಆನೆಯ ಜೊತೆ ಬಾಳುವುದು ಎಷ್ಟು ಕಷ್ಟ ಅಂತ ಲಂಡನ್ನಿನ ನಾಲ್ಕು ಜನರಿಗಾದರೂ ಗೊತ್ತಾಯಿತು. ಇದೆಲ್ಲ ಒಳ್ಳೆಯದೇ. ನಮ್ಮನ್ನು ಕಾಡುವುದು ಬೇರೆ ಪ್ರಶ್ನೆ. ಯಾರ ಹೆಸರಿನಲ್ಲಿ ಮೇಜು ಹಾಸುತ್ತೇವೋ ಅವರು ಆ ಮೇಜಿನ ಹತ್ತಿರ ಎಲ್ಲಿದ್ದಾರೆ?

ಇನ್ನೊಂದು ಔತಣ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2016ರ ಏಪ್ರಿಲ್ 10, ಭಾನುವಾರ. ಯುವರಾಜ ವಿಲಿಯಂ ಮತ್ತು ಕೇಟ್ ಮುಂಬೈಗೆ ಬಂದಿದ್ದರು. ಮಧ್ಯಾಹ್ನ ಓವಲ್ ಮೈದಾನದಲ್ಲಿ ಬಡ ಮಕ್ಕಳ ಜೊತೆ ಕ್ರಿಕೆಟ್ ಆಡಿದರು. ಅಲ್ಲಿ ಸಚಿನ್ ತೆಂಡೂಲ್ಕರ್ ಕೂಡ ಇದ್ದರು. ರಾತ್ರಿ ತಾಜ್ ಮಹಲ್ ಹೋಟೆಲಿನಲ್ಲಿ ಅದೇ ಮಕ್ಕಳಿಗಾಗಿ ದುಡಿಯುವ ಮ್ಯಾಜಿಕ್ ಬಸ್, ಡೋರ್ ಸ್ಟೆಪ್, ಚೈಲ್ಡ್‌ಲೈನ್ ಸಂಸ್ಥೆಗಳ ಸಹಾಯಾರ್ಥ ದೊಡ್ಡ ಔತಣ. ಶಾರುಖ್ ಖಾನ್, ಐಶ್ವರ್ಯಾ ರೈ ಎಲ್ಲ ಬಂದಿದ್ದರು. ಮರುದಿನ ಪತ್ರಿಕೆಗಳಲ್ಲಿ ಕೇಟ್ ಉಟ್ಟ ನೀಲಿ ಉಡುಪಿನ ಬಗ್ಗೆಯೇ ಉದ್ದುದ್ದ ಬರಹ. ಆ ಮೂರು ಸಂಸ್ಥೆಗಳ ಹೆಸರು ಇವತ್ತು ನಮ್ಮಲ್ಲಿ ಎಷ್ಟು ಜನ ಹೇಳುತ್ತಾರೆ? ಉಡುಪಿನ ಬಣ್ಣ ಕೇಳಿದರೆ ಹೇಳುವವರು ಸಿಗುತ್ತಾರೆ.

ಇಂಥ ಔತಣಗಳು ನಡೆಯುವ ರೀತಿ ಸರಳ. ಒಂದು ಮೇಜಿಗೆ ಇಷ್ಟು ಎಂದು ಬೆಲೆ ಕಟ್ಟುತ್ತಾರೆ. ಕಂಪನಿಗಳು ಇಡೀ ಮೇಜನ್ನೇ ಕೊಳ್ಳುತ್ತವೆ. ಊಟದ ನಡುವೆ ಹರಾಜು. ಅರಸು ಮನೆತನದವರು ಸಾಮಾನ್ಯವಾಗಿ ಅಲ್ಲಿ ಹಣ ಕೊಡುವುದಿಲ್ಲ, ಮುಖ ಕೊಡುತ್ತಾರೆ. ಆ ಮುಖದ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಳ್ಳಲು ಉಳಿದವರು ಹಣ ಕೊಡುತ್ತಾರೆ. ಕೊಟ್ಟವನಿಗೆ ಊಟ ಸಿಕ್ಕಿತು, ಫೋಟೋ ಸಿಕ್ಕಿತು, ಪಕ್ಕದ ಕುರ್ಚಿಯಲ್ಲಿ ಒಬ್ಬ ದೊಡ್ಡ ವ್ಯಾಪಾರಿಯ ಪರಿಚಯವೂ ಆಯಿತು. ಇದರಲ್ಲಿ ಎಷ್ಟು ಪಾಲು ದಾನ, ಎಷ್ಟು ಪಾಲು ಕೊಳ್ಳುವಿಕೆ ಎಂದು ಬಿಡಿಸಿ ಹೇಳುವುದು ಕಷ್ಟ.

ನಮ್ಮ ಕಡೆಯ ಅರಸರನ್ನು ಇದರ ಪಕ್ಕ ಇಟ್ಟು ನೋಡೋಣ. 18ನೇ ಶತಮಾನದ ಕೊನೆಯವರೆಗೆ ಹೊಸೂರು ಕೂಡ ಮೈಸೂರು ಸೀಮೆಗೇ ಸೇರಿತ್ತು, ಆದ್ದರಿಂದ ನಮ್ಮ ಕಡೆಯವರು ಅಂದರೆ ತಪ್ಪಿಲ್ಲ. ಬೆಂಗಳೂರಿನಲ್ಲಿ ವಿಜ್ಞಾನ ಓದುವ ಆಸೆ ಇರುವ ನಮ್ಮಂಥವರೆಲ್ಲ ಕನಸು ಕಾಣುವ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ನಿಂತಿರುವುದು ಮೈಸೂರು ಸಂಸ್ಥಾನ ಕೊಟ್ಟ ಸುಮಾರು 371 ಎಕರೆ ನೆಲದ ಮೇಲೆ. ನಾವೆಲ್ಲ ಪ್ರವಾಸ ಹೋಗಿ ಫೋಟೋ ತೆಗೆಸಿಕೊಂಡು ಬರುವ ಮೈಸೂರಿನ ಸಂತ ಫಿಲೋಮಿನಾ ದೇವಾಲಯಕ್ಕೆ 1933ರ ಅಕ್ಟೋಬರ್ 28ರಂದು ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರ್. ಅವರ ಕಾರ್ಯದರ್ಶಿ ತಂಬೂಚೆಟ್ಟಿ ಕಥೋಲಿಕರು. ಸಂತಳ ಅವಶೇಷ ಮೈಸೂರಿಗೆ ಬಂದದ್ದೂ ಅವರ ಪ್ರಯತ್ನದಿಂದ. ಹಿಂದೂ ಅರಸರು ನಮ್ಮ ದೇವಾಲಯದ ಬೆನ್ನಿಗೆ ನಿಂತರು. ಆ ಅರಮನೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗಕ್ಕೆ ಬಲಿಯಾದರು. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಇವತ್ತಿಗೂ ಅವರದೇ ಹೆಸರು. ತಮ್ಮ ಮನೆಯನ್ನು ಸುಟ್ಟ ಕಾಯಿಲೆಯ ನೆನಪಿಗೆ ಊರಿನ ಬಡ ರೋಗಿಗಳಿಗೆ ಹಾಸಿಗೆ ಸಿಕ್ಕಿತು.

ಅರಸರ ಹಣ ಅಂದರೆ ರೈತ ಕಟ್ಟಿದ ಕಂದಾಯವೇ ತಾನೇ ಎಂದು ನಮ್ಮಲ್ಲೊಬ್ಬ ತಮ್ಮ ಕೇಳಿದ. ಸರಿಯಾದ ಮಾತು. ಹಾಗಿದ್ದರೂ ಒಂದು ವ್ಯತ್ಯಾಸ ಉಳಿಯುತ್ತದೆ. ನೆಲ ಕೊಟ್ಟ ಮೇಲೆ ಆ ನೆಲ ಹೋಯಿತು, ಕೊಟ್ಟವರ ಕೈಯಲ್ಲಿ ಅಷ್ಟು ಕಡಿಮೆಯಾಯಿತು. ಔತಣಕ್ಕೆ ಹೋಗಿ ಬಂದವರ ಕೈಯಲ್ಲಿ ಏನು ಕಡಿಮೆಯಾಗುತ್ತದೆ?

ಇಂಗ್ಲೆಂಡಿನ ಅರಸು ಮನೆತನದಲ್ಲೂ ಈ ವ್ಯತ್ಯಾಸ ಕಾಣುತ್ತದೆ. 1997ರ ಜೂನ್‌ನಲ್ಲಿ ಡಯಾನಾ ತಾನು ಔತಣಗಳಿಗೆ ಉಟ್ಟಿದ್ದ 79 ಉಡುಪುಗಳನ್ನು ನ್ಯೂಯಾರ್ಕಿನಲ್ಲಿ ಹರಾಜಿಗೆ ಇಟ್ಟಳು. ಸುಮಾರು 32 ಲಕ್ಷ ಡಾಲರ್ ಬಂತು. ಅದು ಕ್ಯಾನ್ಸರ್ ಮತ್ತು ಏಡ್ಸ್ ರೋಗಿಗಳ ಸೇವೆಗೆ ಹೋಯಿತು. ಉಡುಪು ಉಟ್ಟು ಫೋಟೋಗೆ ನಿಂತು ಹಣ ಕೂಡಿಸುವುದಕ್ಕೂ ಆ ಉಡುಪನ್ನೇ ಕಳಚಿ ಕೊಡುವುದಕ್ಕೂ ಅಂತರ ಇದೆಯಲ್ಲ. ಪವಿತ್ರ ಗುರುವಾರ ಅಲ್ಲಿನ ಅರಸರು ನಡೆಸುವ ಇನ್ನೊಂದು ಹಳೆಯ ಪದ್ಧತಿ ನಮಗೆ ಇನ್ನೂ ಹಿಡಿಸಿತು. ಒಂದು ಕಾಲದಲ್ಲಿ ಪ್ರಭು ಯೇಸು ಶಿಷ್ಯರ ಪಾದ ತೊಳೆದ ಹಾಗೆ ಇಂಗ್ಲೆಂಡಿನ ಅರಸರು ಬಡವರ ಪಾದ ತೊಳೆಯುತ್ತಿದ್ದರು. ಪಾದ ತೊಳೆಯುವುದು ನಿಂತುಹೋಯಿತು, ನಾಣ್ಯ ಕೊಡುವುದು ಉಳಿಯಿತು. ಅರಸರ ವಯಸ್ಸು ಎಷ್ಟೋ ಅಷ್ಟು ಗಂಡಸರಿಗೆ, ಅಷ್ಟೇ ಹೆಂಗಸರಿಗೆ, ಚಿಕ್ಕ ಚೀಲಗಳಲ್ಲಿ. 2023ರಲ್ಲಿ ಚಾರ್ಲ್ಸ್ ಯಾರ್ಕ್ ನಗರದ ಮಹಾದೇವಾಲಯಕ್ಕೆ ಹೋಗಿ 74 ಗಂಡಸರು, 74 ಹೆಂಗಸರ ಕೈಗೆ ಇವನ್ನು ಕೊಟ್ಟರು. ಹಣದ ಮೊತ್ತ ದೊಡ್ಡದಲ್ಲ. ಈಗ ಅದನ್ನು ಪಡೆಯುವವರು ಧರ್ಮಸಭೆಗಾಗಿ, ಊರಿಗಾಗಿ ದುಡಿದ ಹಿರಿಯರು. ಅಲ್ಲಿ ನಡೆದು ಬರುವವನು ಅರಸ, ಇದ್ದಲ್ಲೇ ಇರುವವರು ಪಡೆಯುವವರು. ನಮಗೆ ಬೇಕಾದದ್ದು ಆ ದಿಕ್ಕು.

ಇಷ್ಟೆಲ್ಲ ಬರೆಯಲು ಕಾರಣ ನಿಮಗೆ ಗೊತ್ತೇ ಇದೆ. ಈ ಆಗಮನ ಕಾಲದಲ್ಲಿ ನಮ್ಮ ಯುವಕೂಟದ ಮುಂದೆ ಒಂದು ಪ್ರಸ್ತಾಪ ಬಂದಿದೆ. ನಮ್ಮ ಧರ್ಮಕೇಂದ್ರದ ಮೂವರು ಮಕ್ಕಳ ಕಾಲೇಜು ಶುಲ್ಕಕ್ಕಾಗಿ ಹೊಸೂರಿನ ಒಂದು ಒಳ್ಳೆಯ ಹೋಟೆಲಿನಲ್ಲಿ ಸಹಾಯಾರ್ಥ ಔತಣ ಇಡೋಣ, ಸಿಪ್ಕಾಟ್ ಕಡೆಯ ಕಾರ್ಖಾನೆ ಮಾಲೀಕರನ್ನು, ಒಬ್ಬ ಸಿನಿಮಾ ನಟರನ್ನು ಕರೆಯೋಣ ಎಂದು. ಇದನ್ನು ತಂದ ಅಣ್ಣ, ಅಕ್ಕಂದಿರ ಉದ್ದೇಶದ ಬಗ್ಗೆ ನಮಗೆ ಕಿಂಚಿತ್ತೂ ಅನುಮಾನವಿಲ್ಲ. ಬರೀ ರಾಫೆಲ್ ಚೀಟಿ ಮಾರಿ, ಕೇಕ್ ಮಾರಿ ಎಷ್ಟು ದಿನ ಎಂದು ಅವರು ಕೇಳುವುದರಲ್ಲಿ ಹುರುಳಿದೆ. ದೊಡ್ಡವರ ಪರಿಚಯವಾದರೆ ನಾಳೆ ಮಕ್ಕಳಿಗೆ ಕೆಲಸಕ್ಕೂ ಅನುಕೂಲ ಎನ್ನುತ್ತಾರೆ, ಅದೂ ಸುಳ್ಳಲ್ಲ.

ಆದರೆ ಕೂತು ಲೆಕ್ಕ ಹಾಕಿದೆವು. 150 ಜನ, ತಲೆಗೆ 1,000 ರೂಪಾಯಿ ಎಂದರೆ 1,50,000. ಊಟ ತಲೆಗೆ 600 ಹಿಡಿದರೆ 90,000 ಅಲ್ಲಿಗೇ ಹೋಯಿತು. ವೇದಿಕೆ, ಮೈಕು, ಹೂವು, ಫ್ಲೆಕ್ಸ್‌ಗೆ 30,000. ಅತಿಥಿಗಳಿಗೆ ಶಾಲು, ಹಾರ, ನೆನಪಿನ ಕಾಣಿಕೆಗೆ 10,000. ಉಳಿಯುವುದು 20,000. ಲಂಡನ್ನಿನಲ್ಲಾದರೆ ಖರ್ಚನ್ನು ಯಾವುದೋ ಬ್ಯಾಂಕು, ಯಾವುದೋ ವಜ್ರದ ಅಂಗಡಿ ಹೊತ್ತುಕೊಳ್ಳುತ್ತದೆ. ನಮ್ಮ ಖರ್ಚು ಹೊರುವವರು ಯಾರು? ಈಗ ಇನ್ನೊಂದು ಲೆಕ್ಕ. ನಮ್ಮ ಕೂಟದಲ್ಲಿ ಟೈಟಾನ್, ಟಿವಿಎಸ್, ಅಶೋಕ್ ಲೇಲ್ಯಾಂಡ್ ಎಂದು ಶಿಫ್ಟಿಗೆ ಹೋಗುವವರು, ಬೆಂಗಳೂರಿಗೆ ಬಸ್ಸು ಹಿಡಿಯುವವರು ಸೇರಿ ಸಂಬಳ ಎಣಿಸುವವರು 60 ಜನ ಇದ್ದೇವೆ. ತಿಂಗಳಿಗೆ ತಲಾ 100 ರೂಪಾಯಿ ಹಾಕಿದರೆ ವರ್ಷಕ್ಕೆ 72,000. ಒಂದು ಬಿರಿಯಾನಿ ಪೊಟ್ಟಣದ ಬೆಲೆ. ಶಾಲು, ಹಾರ ಯಾವುದೂ ಬೇಡ.

ಲೆಕ್ಕ ಹಾಗಿರಲಿ, ಅದನ್ನು ಸರಿಪಡಿಸಬಹುದು. ಯಾರಾದರೂ ಪುಣ್ಯಾತ್ಮರು ಊಟದ ಖರ್ಚು ಪೂರ್ತಿ ತಾವೇ ಕೊಡುತ್ತೇವೆ ಎನ್ನಬಹುದು. ಆಗಲೂ ನಮ್ಮ ಮನಸ್ಸು ಒಪ್ಪದಿರುವುದಕ್ಕೆ ಕಾರಣ ಪ್ರಸ್ತಾಪದ ಕೊನೆಯ ಸಾಲು. ಆ ರಾತ್ರಿ ಮೂವರು ಮಕ್ಕಳನ್ನು ವೇದಿಕೆಗೆ ಕರೆದು, ದೊಡ್ಡ ರಟ್ಟಿನ ಚೆಕ್ಕು ಹಿಡಿಸಿ, ಅತಿಥಿಗಳ ಜೊತೆ ಫೋಟೋ ತೆಗೆಸಬೇಕಂತೆ. ಆ ಮೂವರಲ್ಲಿ ಒಬ್ಬಳ ಸಹಪಾಠಿ ತನ್ನ ಅಪ್ಪ ಅಮ್ಮನ ಜೊತೆ ಮುಂದಿನ ಮೇಜಿನಲ್ಲಿ ಕೂತಿರಬಹುದು. ಸೋಮವಾರ ಬೆಳಿಗ್ಗೆ ಆ ಹುಡುಗಿ ತರಗತಿಗೆ ಹೇಗೆ ಹೋಗಬೇಕು? ಫೋಟೋ ವಾಟ್ಸಾಪಿನಲ್ಲಿ ಎಷ್ಟು ವರ್ಷ ತಿರುಗುತ್ತದೆ? ಊಟ ಹಾಕದಿದ್ದರೂ ಪರವಾಗಿಲ್ಲ, ಅವಳ ಬಡತನವನ್ನು ಆ ಸಂಜೆಯ ಕಾರ್ಯಕ್ರಮ ಪಟ್ಟಿಗೆ ಸೇರಿಸುವುದು ಬೇಡ.

ಲೂಕನ ಶುಭಸಂದೇಶದ 14ನೇ ಅಧ್ಯಾಯ ತೆಗೆದು ನೋಡಿ. ಪ್ರಭು ಒಬ್ಬ ಫರಿಸಾಯರ ಮುಖಂಡನ ಮನೆಯಲ್ಲಿ ಊಟಕ್ಕೆ ಕೂತಿರುವಾಗಲೇ ಔತಣದ ಬಗ್ಗೆ ಮಾತಾಡುತ್ತಾರೆ. ತಿರುಗಿ ಕರೆಯಬಲ್ಲವರನ್ನು ಕರೆಯುವುದರಲ್ಲಿ ಏನು ಬಂತು, ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆ ಎಂಬ ಅರ್ಥದ ಮಾತು. ಔತಣವನ್ನೇ ಬಿಟ್ಟುಬಿಡು ಎಂದು ಅವರು ಹೇಳಲಿಲ್ಲ. ಅತಿಥಿಗಳ ಪಟ್ಟಿ ಬದಲಾಯಿಸು ಎಂದರು. ಊಟ ಹಾಕಿದವನ ಮನೆಯಲ್ಲೇ ಕೂತು ಇದನ್ನು ಹೇಳುವುದಕ್ಕೆ ಧೈರ್ಯ ಬೇಕು, ನಮಗೆ ಬರೆಯುವುದಕ್ಕೇ ಕೈ ನಡುಗುತ್ತಿದೆ.

ನಮ್ಮ ಧರ್ಮಕೇಂದ್ರದಲ್ಲೇ ಇದಕ್ಕೆ ಒಂದು ದಾರಿ ಇದೆ, ನಾವು ಯುವಜನರು ಅದರ ಕಡೆ ತಿರುಗಿ ನೋಡುವುದಿಲ್ಲ ಅಷ್ಟೆ. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಅಜ್ಜಂದಿರು ವಾರವಾರ ಸೇರುತ್ತಾರೆ. ಸಭೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ. ಮುಷ್ಟಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಯಾರು 10 ಹಾಕಿದರು, ಯಾರು 500 ಹಾಕಿದರು, ಯಾರು ಏನೂ ಹಾಕಲಿಲ್ಲ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಇಬ್ಬಿಬ್ಬರು ಕೂಡಿ ಬಡವರ ಮನೆಗೆ ಹೋಗಿ, ಕೂತು, ಮಾತಾಡಿಸಿ ಬರುತ್ತಾರೆ. ಇದು ಅಜ್ಜಂದಿರ ಸಭೆ ಎಂದು ನಾವು ಅಂದುಕೊಂಡಿದ್ದೇವೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇದನ್ನು ಶುರುಮಾಡಿದ ಫ್ರೆಡೆರಿಕ್ ಓಜನಾಮ್‌ಗೆ ಆಗ ವಯಸ್ಸು 20. ಕಾಲೇಜು ವಿದ್ಯಾರ್ಥಿ. ಜೊತೆಗಿದ್ದವರೂ ಗೆಳೆಯರೇ. ಬಡವರ ಮನೆಗೆ ಹೋಗುವುದು ಹೇಗೆ ಎಂದು ಅವರಿಗೆ ಕಲಿಸಿದ್ದು ಸಿಸ್ಟರ್ ರೋಸಲಿ ರಂಡು ಎಂಬ ಕನ್ಯಾಸ್ತ್ರೀ.

ಹಾಗಾಗಿ ನಮ್ಮ ಕಡೆಯಿಂದ ಇನ್ನೊಂದು ಪ್ರಸ್ತಾಪ. ಊಟ ಇರಲಿ, ಹೋಟೆಲಿನಲ್ಲಿ ಬೇಡ. ದೇವಾಲಯದ ಹಬ್ಬದ ದಿನ ಹಾಕುವ ಹಾಗೆ ಅಂಗಳದಲ್ಲೇ ಪಂಕ್ತಿ ಊಟ. ಒಂದೊಂದು ಅನ್ಬಿಯಂ ಒಂದೊಂದು ಪದಾರ್ಥ ತರಲಿ. ತಳಿ, ಡೆಂಕಣಿಕೋಟೆ ಕಡೆಯವರು ಆನೆ ಉಳಿಸಿದ ರಾಗಿಯಲ್ಲಿ ಮುದ್ದೆ ಮಾಡಿ ತಂದರೆ ಇನ್ನೂ ಸಂತೋಷ. ಕಾರ್ಖಾನೆ ಮಾಲೀಕರನ್ನೂ ಕರೆಯೋಣ, ನಟರನ್ನೂ ಕರೆಯೋಣ, ಬಂದರೆ ಅವರಿಗೂ ಒಂದು ಎಲೆ. ವೇದಿಕೆ ಬೇಡ, ಶಾಲು ಬೇಡ. ಮೂವರು ಮಕ್ಕಳೂ ಅವರ ಮನೆಯವರೂ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂರುತ್ತಾರೆ. ಅವರು ಯಾರು ಎಂಬುದು ಫಾದರ್‌ಗೆ ಮತ್ತು ಸಭೆಯ ಇಬ್ಬರು ಹಿರಿಯರಿಗೆ ಗೊತ್ತಿದ್ದರೆ ಸಾಕು. ಕೈ ತೊಳೆಯುವ ಜಾಗದ ಹತ್ತಿರ ಆ ಬಟ್ಟೆ ಚೀಲ ತೂಗುಹಾಕೋಣ.

ಮುಂದಿನ ಭಾನುವಾರ ಎರಡನೇ ಬಲಿಪೂಜೆ ಮುಗಿದ ಮೇಲೆ ಮರಿಯಮ್ಮನವರ ಗವಿಯ ಹತ್ತಿರ ಸೇರುತ್ತೇವೆ. ಹೋಟೆಲ್ ಔತಣವೇ ಬೇಕು ಎನ್ನುವವರು ದಯವಿಟ್ಟು ತಪ್ಪದೆ ಬನ್ನಿ, ನಿಮ್ಮ ಲೆಕ್ಕದ ಹಾಳೆಯನ್ನೂ ತನ್ನಿ. ತಿಂಗಳಿಗೆ 100 ರೂಪಾಯಿ ಹಾಕುವವರ ಪಟ್ಟಿಯನ್ನು ಆವತ್ತೇ ಶುರುಮಾಡುತ್ತೇವೆ. ಅದರಲ್ಲಿ ಹೆಸರು ಬರೆಯುವುದಿಲ್ಲ, ಬರೀ ಗೆರೆ ಎಳೆಯುತ್ತೇವೆ.