ಯಾರ ಅಭಿಪ್ರಾಯ, ಯಾವ ಜನ?

ಉಪಚುನಾವಣೆ ಅಂದಕೂಡಲೆ ಪತ್ರಿಕೆಗಳಿಗೆ ‘ಜನಾಭಿಪ್ರಾಯ’ದ ನೆನಪಾಗುತ್ತದೆ. ಅಲ್ಲಿಯವರೆಗೆ ಯಾರಿಗೂ ಬೇಡವಾಗಿದ್ದ ಜನ ಇದ್ದಕ್ಕಿದ್ದಂತೆ ಬೇಕಾಗುತ್ತಾರೆ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತವನನ್ನು ಕೇಳುತ್ತಾರೆ, ಕೋರ್ಟಿನ ಮುಂದೆ ವಕೀಲರನ್ನು ಕೇಳುತ್ತಾರೆ, ತೋಟದ ಸಾಹುಕಾರರ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೇಳುತ್ತಾರೆ. ಸಂಜೆಗೆ ವರದಿ ತಯಾರು: ಕ್ಷೇತ್ರದ ಒಲವು ಇಂಥವರ ಕಡೆಗಿದೆ. ಕೇರಿಗೆ ಹೋಗಿದ್ರಾ ಸ್ವಾಮಿ? ‘ಹೋಗಿದ್ವಿ. ಅವ್ರು ಬಾಯೇ ಬಿಡಲ್ಲ. ಹಿಂದಿನ ರಾತ್ರಿ ಯಾರು ದುಡ್ಡು ಕೊಡ್ತಾರೋ ಅವ್ರಿಗೆ ಹಾಕ್ತಾರೆ ಬಿಡಿ.’

ಈ ‘ಬಿಡಿ’ ಅನ್ನುವ ಮಾತನ್ನು ನಾವು ಸುಮ್ಮನೆ ಬಿಡಬಾರದು.

ಹಿಂದೆ ಒಂದು ಉಪಚುನಾವಣೆಯ ಹೊತ್ತಿನಲ್ಲಿ ನಾನೂ ನೋಟ್‌ಬುಕ್ ಹಿಡಿದು ಮಲೆನಾಡಿನ ಕಾಫಿ ತೋಟದ ಲೈನು ಮನೆಗಳಿಗೆ ಹೋಗಿದ್ದೆ. ತುದಿಯ ಮನೆಯ ಅಜ್ಜಿಯನ್ನು ಕೇಳಿದೆ, ಯಾರಿಗೆ ಹಾಕ್ತೀಯಮ್ಮ? ಆಕೆ ಮೊದಲು ನನ್ನ ಚಪ್ಪಲಿ ನೋಡಿದಳು, ಆಮೇಲೆ ನನ್ನ ಹಿಂದೆ ನಿಂತಿದ್ದ ತೋಟದ ರೈಟರನ್ನು ನೋಡಿದಳು. ‘ನೀವು ಯಾರ ಕಡೆಯೋರು ಮೇಷ್ಟ್ರೇ, ಅದನ್ನ ಮೊದ್ಲು ಹೇಳಿ. ಆಮೇಲೆ ನಾನು ಯಾರ್ಗೆ ಹಾಕ್ತೀನಿ ಹೇಳ್ತೀನಿ’ ಅಂದಳು. ರೈಟರ್ ನಕ್ಕ. ನಾನು ಏನು ಬರೆದುಕೊಳ್ಳಲಿ? ಆಕೆ ಮಲಗುವ ಮನೆ ಸಾಹುಕಾರನದು, ನೀರು ಸಾಹುಕಾರನದು, ನಾಳೆಯ ಕೂಲಿಯೂ ಅವನದೇ. ಅವನ ಆಳು ಪಕ್ಕದಲ್ಲಿ ನಿಂತಿರುವಾಗ ಕೊಟ್ಟ ಉತ್ತರ ಸಲಾಮು ಆದೀತು, ಅಭಿಪ್ರಾಯ ಆಗಲಾರದು. ಈ ಸಲಾಮುಗಳನ್ನು ಕೂಡಿಸಿ ಶೇಕಡಾವಾರು ಹಾಕುವವರನ್ನು ನಾವು ಪಂಡಿತರು ಅನ್ನುತ್ತೇವೆ.

ಚಿಕ್ಕಮಗಳೂರನ್ನೇ ತೆಗೆದುಕೊಳ್ಳಿ. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿ 1978ರ ನವೆಂಬರಿನಲ್ಲಿ ಇಲ್ಲಿಂದ ಲೋಕಸಭೆಗೆ ನಿಂತರು. ಗೆದ್ದಿದ್ದ ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು, ಮಾಜಿ ಮುಖ್ಯಮಂತ್ರಿ. ಕೇಂದ್ರದಲ್ಲಿ ಮಂತ್ರಿಯಾಗಿದ್ದ ಜಾರ್ಜ್ ಫರ್ನಾಂಡಿಸ್ ಬಂದು ಪ್ರಚಾರ ಮಾಡಿದರು. ದೇಶದ ವರದಿಗಾರರೆಲ್ಲ ಮಲೆನಾಡಿನ ಮಳೆ ಮಂಜನ್ನು ಬಣ್ಣಿಸಿದರು. ಒಂದು ಸಿಂಹಿಣಿ, ನೂರು ಕೋತಿ ಎಂಬ ಘೋಷಣೆ ಹಿಂದಿಯಲ್ಲಿ ಮೊಳಗಿತು. ಕನ್ನಡ, ತುಳು, ತಮಿಳು ಆಡುವ ತೋಟದಾಳುಗಳಿಗೆ ಹಿಂದಿಯಲ್ಲಿ! ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಇಂದಿರಾ ಗೆದ್ದರು.

ಆಮೇಲೆ ಶುರುವಾಯಿತು ನೋಡಿ ವ್ಯಾಖ್ಯಾನ. ಬಡವರು ಅವಿದ್ಯಾವಂತರು, ಹೆಂಗಸರು ‘ಅಮ್ಮ’ ಅಂತ ಹಾಕಿಬಿಟ್ಟರು, ತುರ್ತುಪರಿಸ್ಥಿತಿ ಅಂದರೇನು ಅಂತ ಇವರಿಗೇನು ಗೊತ್ತು. ಇದನ್ನು ಹೇಳಿದವರಲ್ಲಿ ನಮ್ಮ ಕಡೆಯವರೂ ಇದ್ದರು. ಪ್ರಗತಿಪರರು, ಸಮಾಜವಾದಿಗಳು. ಅದಕ್ಕೇ ಈ ಮಾತು ಎತ್ತುತ್ತಿದ್ದೇನೆ.

ನಾನು ತುರ್ತುಪರಿಸ್ಥಿತಿಗೆ ವಕಾಲತ್ತು ವಹಿಸುತ್ತಿಲ್ಲ. ಬೆಂಗಳೂರಿನ ಜೈಲಿನಲ್ಲಿ ನರಳಿ ಹೊರಬಂದ ಸ್ನೇಹಲತಾ ರೆಡ್ಡಿ 1977ರ ಜನವರಿಯಲ್ಲಿ ತೀರಿಕೊಂಡರು, ಅದನ್ನು ಮರೆಯುವವರು ನಾವಲ್ಲ. ಆದರೆ ಸರ್ವಾಧಿಕಾರ ಬಂತು ಸರ್ವಾಧಿಕಾರ ಬಂತು ಅಂತ ಲೈನು ಮನೆಯ ಮುಂದೆ ಮೈಕಿನಲ್ಲಿ ಕೂಗಿದರೆ ಒಳಗಿದ್ದವನು ಏನಂದುಕೊಳ್ಳಬೇಕು? ಮೀಸಾ ಇಲ್ಲದೆಯೇ ಅವನು ದಿನಾ ಸರ್ವಾಧಿಕಾರದಲ್ಲೇ ಇದ್ದಾನೆ. ಪತ್ರಿಕೆಗೆ ಸೆನ್ಸಾರ್ ಬಂತು ಅಂತ ಅತ್ತವರು ಅವನ ಬಾಯಿಗೆ ತಲೆತಲಾಂತರದಿಂದ ಬಿದ್ದ ಸೆನ್ಸಾರಿಗೆ ಒಂದು ಸಭೆ ಮಾಡಿದ್ದರೇ? ಜೀತ ರದ್ದಿನ ಸುಗ್ರೀವಾಜ್ಞೆ ಬಂದದ್ದೂ ಅದೇ 1975ರಲ್ಲಿ, ಕಾಯ್ದೆಯಾದದ್ದು 1976ರಲ್ಲಿ. ಎರಡೂ ಒಂದೇ ಕೈಯಿಂದ ಬಂದವು. ಮೇಷ್ಟ್ರು ಮರೆತರೂ ಜೀತದಾಳು ಎರಡನ್ನೂ ನೆನಪಿಟ್ಟುಕೊಂಡಿರುತ್ತಾನೆ.

ಇನ್ನೊಂದು ಮುಖವೂ ಇದೆ. ಅರಸು ಸರ್ಕಾರದ 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು, ಸರಿ. ಆದರೆ ಕಾಫಿ, ಟೀ, ರಬ್ಬರ್, ಏಲಕ್ಕಿ ತೋಟಗಳನ್ನು ಅದೇ ಕಾಯ್ದೆ ಮಿತಿಯಿಂದ ಹೊರಗಿಟ್ಟಿತು. ಗೇಣಿಯೇ ಇಲ್ಲದ ಕೂಲಿಯವನಿಗೆ, ಅಂದರೆ ಬಹುಪಾಲು ನಮ್ಮವನಿಗೆ, ಏನು ಬಂತು? ಚಿಕ್ಕಮಗಳೂರಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದು. ಇಂದಿರಾ ಕಡೆಯವರು ಕೇಳಲಿಲ್ಲ, ತೋಟ ಅವರವರದೇ. ಜನತಾ ಕಡೆಯವರೂ ಕೇಳಲಿಲ್ಲ, ಅಲ್ಲೂ ತೋಟದವರೇ. ಕೇಳದ ಪ್ರಶ್ನೆಗೆ ಜನ ಉತ್ತರ ಕೊಡಲಿಲ್ಲ ಅಂತ ಬೈದರೆ ಏನು ನ್ಯಾಯ?

ಆ ಮತದ ಗತಿ ಏನಾಯಿತು ಗೊತ್ತಲ್ಲ. 1978ರ ಡಿಸೆಂಬರ್ 19ರಂದು ಲೋಕಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ಇಂದಿರಾರನ್ನು ಉಚ್ಚಾಟಿಸಿತು. ತಿಂಗಳ ಕಾಲ ಚಿಕ್ಕಮಗಳೂರಿನ ಜನಾಭಿಪ್ರಾಯದ ನಾಡಿ ಹಿಡಿದು ಕೂತಿದ್ದವರಲ್ಲಿ ಎಷ್ಟು ಮಂದಿ ತಿರುಗಿ ಬಂದು ‘ನಿಮ್ಮ ಓಟು ತೆಗೆದುಹಾಕಿದ್ದಾರೆ, ನಿಮ್ಮ ಅಭಿಪ್ರಾಯ ಏನು?’ ಅಂತ ಕೇಳಿಯಾರು?

ಬಾಬಾಸಾಹೇಬರು 1954ರಲ್ಲಿ ಭಂಡಾರಾದ ಲೋಕಸಭಾ ಉಪಚುನಾವಣೆಯಲ್ಲಿ ಸೋತರು. ಮೀಸಲು ಸ್ಥಾನಕ್ಕೇ ನಿಂತಿದ್ದರು. ಮೀಸಲು ಅಭ್ಯರ್ಥಿಗೆ ಮಾತ್ರ, ಮತ ಇಡೀ ಊರಿನದು. 1932ರ ಪೂನಾ ಒಪ್ಪಂದ ಬಿಗಿದ ಗಂಟು ಅದು. ಕೇರಿಯ ಅಭಿಪ್ರಾಯ ಒಂದು ಕಡೆ ಇದ್ದರೂ ಕೇರಿಯ ಪ್ರತಿನಿಧಿಯನ್ನು ಊರು ಆರಿಸುತ್ತದೆ. ಸಮೀಕ್ಷೆಯವರು ಮೀಸಲು ಕ್ಷೇತ್ರಕ್ಕೆ ಬಂದರೂ ಗೌಡರ ಮನೆಯಲ್ಲೇ ಇಳಿಯುವುದು ಯಾಕೆ ಅಂತ ಈಗ ತಿಳಿಯಿತೇ?

ಇವತ್ತಿನ ಮಾತಿಗೆ ಬರೋಣ. ಮತದಾನ ಮುಗಿಯುವ ಹಿಂದಿನ 48 ಗಂಟೆ ಟೀವಿಯಲ್ಲಿ ಸಮೀಕ್ಷೆ ಹೇಳಬಾರದು ಅಂತ ಕಾನೂನಿದೆ. ಮತಗಟ್ಟೆ ಸಮೀಕ್ಷೆಗೆ 2009ರ ತಿದ್ದುಪಡಿಯಿಂದ ತಡೆ ಬಂತು. ಸಂತೋಷ. ಸಮೀಕ್ಷೆಯಿಂದ ಮತದಾರನನ್ನು ಎರಡು ದಿನ ಕಾಪಾಡುವ ಕಾನೂನು ರೈಟರನಿಂದ ಐದು ವರ್ಷ ಕಾಪಾಡುತ್ತದೆಯೇ? ಎಣಿಕೆಯಾದ ಮೇಲೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಅನ್ನುವುದು ನಮೂನೆ 20ರಲ್ಲಿ ಪ್ರಕಟವಾಗುತ್ತದೆ. ಕೇರಿಗೇ ಒಂದು ಬೂತು ಇದ್ದರೆ, ಅಥವಾ ಎರಡು ತೋಟದ ಲೈನುಗಳಿಗೆ ಒಂದು ಬೂತು ಇದ್ದರೆ, ಗುಪ್ತ ಮತದಾನದಲ್ಲಿ ಗುಪ್ತ ಏನು ಉಳಿಯಿತು? ಒಬ್ಬಳ ಮತ ಗುಟ್ಟಾಗಿಯೇ ಇರಬಹುದು, ಕೇರಿಯ ಮತ ಬಟಾಬಯಲು. ಆಮೇಲೆ ಬೋರ್‌ವೆಲ್ ಬರಲ್ಲ, ರಸ್ತೆ ಕೇರಿಯ ಬಾಯಿಗೆ ಬಂದು ನಿಲ್ಲುತ್ತದೆ, ಕೂಲಿಗೆ ಬೇರೆಯವರನ್ನು ಕರೆಯುತ್ತಾರೆ.

ಇದಕ್ಕೆ ಮದ್ದು ಇಲ್ಲವೆಂದಲ್ಲ. ಕಾಗದದ ಮತಪತ್ರ ಇದ್ದಾಗ ಹಲವು ಬೂತುಗಳ ಮತ ಬೆರೆಸಿ ಎಣಿಸಲು ನಿಯಮ 59ಎ ದಾರಿ ಕೊಟ್ಟಿತ್ತು. ಯಂತ್ರ ಬಂದ ಮೇಲೆ ಆ ದಾರಿ ಮುಚ್ಚಿತು. ಹದಿನಾಲ್ಕು ಯಂತ್ರಗಳನ್ನು ಜೋಡಿಸಿ ಒಟ್ಟು ಲೆಕ್ಕ ಮಾತ್ರ ಕೊಡುವ ಟೋಟಲೈಸರ್ ಬಳಸಿ ಅಂತ ಚುನಾವಣಾ ಆಯೋಗ 2008ರಲ್ಲೇ ಕೇಳಿತು. 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಆಗಬಹುದು ಅಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಬೂತಿನ ಲೆಕ್ಕ ತಿಳಿದರೆ ಎಲ್ಲಿ ಕೆಲಸ ಮಾಡಬೇಕು ಅಂತ ಪಕ್ಷಗಳಿಗೆ ಗೊತ್ತಾಗುತ್ತದಂತೆ! ಎಲ್ಲಿ ಕೆಲಸ ನಿಲ್ಲಿಸಬೇಕು ಅನ್ನುವುದೂ ಗೊತ್ತಾಗುತ್ತದೆ, ಅದನ್ನು ಯಾಕೆ ನುಂಗಿದಿರಿ?

ದುಡ್ಡಿನ ಮಾತು. ಕೇರಿಯಲ್ಲಿ ದುಡ್ಡು ತಗೊಳ್ತಾರೆ, ಹೌದು. ಎಲ್ಲ ಪಕ್ಷದಿಂದಲೂ ತಗೊಳ್ತಾರೆ. ಕಂಟ್ರ್ಯಾಕ್ಟು, ಪರವಾನಗಿ, ಸಾಲಮನ್ನಾ ಪಡೆದವನ ಮತ ‘ಒಲವು’, ಐನೂರು ರೂಪಾಯಿ ಪಡೆದವಳ ಮತ ‘ಮಾರಾಟ’. ಈ ನಿಘಂಟು ಬರೆದವರು ಯಾರು?

ಹಳ್ಳಿ ಶಾಲೆಯ ಗೆಳೆಯರೇ, ನಾಳೆ ಉಪಚುನಾವಣೆ ಬಂದರೆ ಮತಗಟ್ಟೆಯಲ್ಲಿ ಅಧಿಕಾರಿಯಾಗಿ ಕೂರುವವರು ನೀವೇ. ಯಂತ್ರ ಇಟ್ಟ ಮರೆಯ ಕಡೆ ಏಜೆಂಟರು ಕತ್ತು ಚಾಚಿದಾಗ ‘ಕೂತ್ಕೊಳ್ಳಿ ಗೌಡ್ರೇ’ ಅಂತ ಹೇಳುವ ಅಧಿಕಾರ ಆ ಒಂದು ದಿನ ನಿಮ್ಮದು, ಬಳಸಿ. ವಿದ್ಯಾರ್ಥಿಗಳೇ, ಸಮೀಕ್ಷೆಯ ಕೂಲಿಗೆ ಹೋಗುವಿರಾದರೆ ರೈಟರನನ್ನು ಬಿಟ್ಟು ಹೋಗಿ, ರಾತ್ರಿ ಹೋಗಿ, ಯಾರಿಗೆ ಹಾಕ್ತೀಯ ಅನ್ನುವುದಕ್ಕೆ ಮೊದಲು ಕೂಲಿ ಎಷ್ಟು ಅಂತ ಕೇಳಿ. ಮತ ಕೇಳಲು ಬಂದ ಅಭ್ಯರ್ಥಿಯನ್ನು, ಅವನು ಯಾವ ಪಕ್ಷದವನಾದರೂ ಸರಿ, ಕೇರಿಯ ಮಧ್ಯೆ ನಿಲ್ಲಿಸಿ ಎಲ್ಲರೂ ಕೇಳುವಂತೆ ಕೇಳಿ: ಮತ ಬೆರೆಸಿ ಎಣಿಸುವುದಕ್ಕೆ ನಿನ್ನ ಒಪ್ಪಿಗೆ ಇದೆಯೋ ಇಲ್ಲವೋ?